ಫ್ಲೈಟ್ ಸಿಮ್ಯುಲೇಟರ್ ಹೊಸದಾಗಿ ಶುರು ಮಾಡೋರಿಗೆ: ರೊಕ್ಕ ಹಾಕೋಕ್ಕಿಂತ ಮೊದ್ಲು ನಮ್ಮ ಬಿಸಿಲಾಗ ಹಾರಿಸಿ ನೋಡ್ರಿ

ಬಳ್ಳಾರಿ, ಹೊಸಪೇಟಿ, ಗಂಗಾವತಿ ಕಡೆ ಹುಡುಗ್ರು ಫ್ಲೈಟ್ ಸಿಮ್ಯುಲೇಟರ್, ಅಂದ್ರ ಖರೇ ವಿಮಾನದಂಗ ಹಾರಿಸೋ ಕಂಪ್ಯೂಟರ್ ಗೇಮ್ ಬಗ್ಗೆ ಕೇಳೋದು ಈಗೀಗ ಜಾಸ್ತಿ ಆಗೈತಿ, ಕೇಳೋ ಪ್ರಶ್ನೆ ಮಾತ್ರ ಒಂದಾ: "ಅಣ್ಣಾ, ಎಲ್ಲಾದಕ್ಕಿಂತ ರಿಯಲ್ ಇರೋದು ಯಾವ್ದು ಹೇಳು, ಅದನ್ನಾ ತೊಗೋತೀನಿ." ಒಂದು ಹೆಸರು ಹೇಳಿ ಮುಗಿಸಬಹುದು, ಆದ್ರ ಆ ಗೇಮ್ ಅವ್ರ ಲ್ಯಾಪ್‌ಟಾಪ್‌ನ್ಯಾಗ ಓಡ್ಬೇಕಲ್ಲ, ಓಡಿದ್ರೂ ಡೌನ್‌ಲೋಡ್ ಆಗೋಕ ನೆಟ್ ಬೇಕಲ್ಲ, ಎರಡೂ ಇದ್ರೂ ತಮಗ ಹಾರಿಸ್ಬೇಕು ಅನ್ಸಿರೋದು ಏರ್‌ಬಸ್ಸೋ ಫೈಟರ್ ಜೆಟ್ಟೋ ಅನ್ನೋದರ ಗೊತ್ತಿರಬೇಕಲ್ಲ. ಅದಕ್ಕ ಹೆಸರಿನಿಂದ ಶುರು ಮಾಡೋ ಬದ್ಲು, ಹೆಂಗ ಆರಿಸೋದು ಅನ್ನೋದನ್ನ ಒಂದೊಂದಾ ಹೆಜ್ಜಿ ಇಟ್ಟು ಬರ್ದೀನಿ.

ಒಂದು ಮಾತು ಮೊದ್ಲಾ ಹೇಳ್ತೀನಿ. ಬಹಳ ಮಂದಿ ಯೂಟ್ಯೂಬ್ ವಿಡಿಯೋ ನೋಡಿ, ಮೋಡ ಎಷ್ಟು ಚಂದ ಅದಾವ, ರಾತ್ರಿ ಊರಿನ ಲೈಟ್ ಎಷ್ಟು ಚಂದ ಕಾಣ್ತಾವ ಅನ್ನೋದ್ರ ಮ್ಯಾಲ ನಿರ್ಧಾರ ಮಾಡ್ತಾರ. ವಿಮಾನ ಗಾಳ್ಯಾಗ ನಡ್ಕೊಳ್ಳೋ ರೀತಿ ಖರೇ ಐತೋ ಇಲ್ಲೋ ಅನ್ನೋದು ವಿಡಿಯೋದಾಗ ಗೊತ್ತಾಗಂಗಿಲ್ಲ, ಅದನ್ನ ನೀವಾ ಸ್ಟಿಕ್ ಹಿಡಿದು ಪರೀಕ್ಷೆ ಮಾಡ್ಬೇಕು. ಆ ಪರೀಕ್ಷೆ ಹೆಂಗ ಮಾಡೋದು ಅನ್ನೋದಾ ಈ ಬರಹದ ಮುಖ್ಯ ಭಾಗ, ಉಳಿದದ್ದು ಅದರ ತಯಾರಿ.

ಮೊದಲ್ನೇ ಹೆಜ್ಜಿ: ಏನು ಹಾರಿಸ್ಬೇಕು ಅಂತ ಅನ್ಸೈತಿ?

ಇದರಾಗ ಮೂರು ಜಾತಿ ಮಂದಿ ಸಿಗ್ತಾರ. ಒಬ್ರಿಗೆ ಸಣ್ಣ ವಿಮಾನ ತೊಗೊಂಡು ತುಂಗಭದ್ರಾ ಡ್ಯಾಂ ಮ್ಯಾಲ, ಹಂಪಿ ಮ್ಯಾಲ ಕೆಳಗ ನೋಡ್ಕೋತ ಹಾರೋದು ಬೇಕು. ಇನ್ನೊಬ್ರಿಗೆ ಏರ್‌ಬಸ್, ಬೋಯಿಂಗ್, ಎಟಿಆರ್ ಥರ ದೊಡ್ಡ ವಿಮಾನದ ಬಟನ್ ಎಲ್ಲಾ ಕಲ್ತು ಬೆಂಗಳೂರಿಂದ ದಿಲ್ಲಿಗೆ ಹೋಗೋದು ಬೇಕು. ಮೂರನೇಯವ್ರಿಗೆ ಫೈಟರ್ ಜೆಟ್ ಬೇಕು, ಮಿಸೈಲ್ ಬೇಕು. ಮೊದ್ಲಿನ ಎರಡಕ್ಕ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಎಕ್ಸ್-ಪ್ಲೇನ್, ಫ್ಲೈಟ್‌ಗೇರ್ ಈ ಮೂರು ಅದಾವ. ಫೈಟರ್‌ಗೆ ಡಿಸಿಎಸ್ ವರ್ಲ್ಡ್ ಅಂತ ಬ್ಯಾರೇನಾ ಐತಿ. ಮೈಕ್ರೋಸಾಫ್ಟ್‌ನ್ಯಾಗೂ ಫೈಟರ್ ವಿಮಾನ ಅದಾವ, ಆದ್ರ ಆಯುಧ ಇಲ್ಲ, ಯುದ್ಧ ಇಲ್ಲ, ಬರೇ ಹಾರಾಟ. ಇದು ಗೊತ್ತಿಲ್ದ ತೊಗೊಂಡು ಬೇಜಾರಾದವ್ರು ಬಹಳ ಮಂದಿ ಅದಾರ.

ವಾರ್ ಥಂಡರ್ ಅನ್ನೋ ಯುದ್ಧದ ಗೇಮ್ ರಿಯಲ್ ಅಲ್ವಾ ಅಂತ ಕೇಳ್ತಾರ. ಅದರಾಗ ಆರ್ಕೇಡ್, ರಿಯಲಿಸ್ಟಿಕ್, ಸಿಮ್ಯುಲೇಟರ್ ಅಂತ ಮೂರು ಥರ ಆಟ ಐತಿ, ಮೌಸ್ ಹಿಡಿದು ಹಾರಿಸೋ ಮೊದ್ಲಿನೆರಡು ಆಟಕ್ಕ ಚಲೋ, ಕಲಿಯೋಕ ಅಲ್ಲ. ಮೌಸ್ ಎತ್ತ ತೋರಿಸ್ತೀರೋ ಅತ್ತ ವಿಮಾನ ತಾನಾ ತಿರುಗ್ತೈತಿ ಅಂದ್ರ ಹಾರಿಸ್ತಿರೋದು ಕಂಪ್ಯೂಟರ್, ನೀವಲ್ಲ.

ದೊಡ್ಡ ಏರ್‌ಬಸ್ ಮ್ಯಾಲಾ ಕಣ್ಣಿದ್ರೂ ಶುರು ಮಾಡೋದು ಮಾತ್ರ ಒಂದಾ ಎಂಜಿನ್ನಿನ ಸಣ್ಣ ವಿಮಾನದಿಂದಾನ ಮಾಡ್ರಿ, ಸೆಸ್ನಾ 152 ಇಲ್ಲಾ 172. ಇದು ನನ್ನ ಗಟ್ಟಿ ಅಭಿಪ್ರಾಯ. ಏರ್‌ಬಸ್‌ನ್ಯಾಗ ಕಂಪ್ಯೂಟರ್ ನಡುವೆ ಕುಂತು ನಿಮ್ಮ ತಪ್ಪು ತಿದ್ದತೈತಿ, ಸೆಸ್ನಾ ತಿದ್ದಂಗಿಲ್ಲ, ಮಾಡಿದ ತಪ್ಪು ಅಲ್ಲೇ ತೋರಿಸ್ತೈತಿ.

ಎರಡನೇ ಹೆಜ್ಜಿ: ಮನ್ಯಾಗ ಇರೋ ಮಷಿನ್ ಏನು, ನೆಟ್ ಏನು

ವಿಂಡೋಸ್‌ನ್ಯಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ರಿ, ಟಾಸ್ಕ್ ಮ್ಯಾನೇಜರ್ ಬರ್ತೈತಿ, ಅದರಾಗ ಪರ್ಫಾರ್ಮೆನ್ಸ್ ಒಳಗ ಹೋಗಿ ಮೂರು ಬರ್ಕೊಳ್ರಿ: ರ್‍ಯಾಮ್ ಎಷ್ಟು, ಜಿಪಿಯು ಹೆಸರೇನು, ಡಿಸ್ಕ್ ಎಸ್‌ಎಸ್‌ಡಿನೋ ಹಾರ್ಡ್‌ಡಿಸ್ಕೋ. ಜಿಪಿಯು ಜಾಗದಾಗ ಬರೇ ಇಂಟೆಲ್ ಯುಎಚ್‌ಡಿ ಅಂತ ಒಂದಾ ಇದ್ರ ನಿಮ್ಮದ್ರಾಗ ಬ್ಯಾರೆ ಗ್ರಾಫಿಕ್ ಕಾರ್ಡ್ ಇಲ್ಲ ಅಂತ ಅರ್ಥ.

ಈಗ ಹೋಲಿಸಿ ನೋಡ್ರಿ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗೆ ಕನಿಷ್ಠ 8 ಜಿಬಿ ರ್‍ಯಾಮ್, 2 ಜಿಬಿ ಗ್ರಾಫಿಕ್ ಮೆಮೊರಿ, 150 ಜಿಬಿ ಜಾಗ, 5 ಎಂಬಿಪಿಎಸ್ ನೆಟ್ ಅಂತ ಕಂಪನಿಯವ್ರಾ ಹೇಳ್ಯಾರ, ಚಲೋ ಓಡ್ಬೇಕಂದ್ರ 16 ಜಿಬಿ ರ್‍ಯಾಮ್, 4 ಜಿಬಿ ಗ್ರಾಫಿಕ್, 20 ಎಂಬಿಪಿಎಸ್. 2024ರ ನವೆಂಬರ್‌ದಾಗ ಬಂದ ಹೊಸದಕ್ಕ ಡಿಸ್ಕ್ ಜಾಗ ಕಮ್ಮಿ, 50 ಜಿಬಿ ಸಾಕು, ಆದ್ರ ಕನಿಷ್ಠ 16 ಜಿಬಿ ರ್‍ಯಾಮ್ ಬೇಕು, ಚಲೋ ಓಡಾಕ 32. ಜಾಗ ಯಾಕ ಕಮ್ಮಿ ಅಂದ್ರ ಅದು ವಿಮಾನ, ನೆಲ, ಊರು ಎಲ್ಲಾ ಹಾರ್ತಾ ಹಾರ್ತಾನ ನೆಟ್‌ನಿಂದ ಎಳ್ಕೊಂತೈತಿ. ಕನಿಷ್ಠ 10 ಎಂಬಿಪಿಎಸ್ ಅಂದಾರ, 50 ಇದ್ರ ಚಲೋ ಅಂದಾರ. ಫೈಬರ್ ಕನೆಕ್ಷನ್ ಇರೋ ಮನಿಗೆ ಇದು ತೊಂದ್ರಿ ಅಲ್ಲ, ಮೊಬೈಲ್ ಹಾಟ್‌ಸ್ಪಾಟ್ ಮ್ಯಾಲ ನಡ್ಸೋರು ಮಾತ್ರ 2024ನ್ನ ನೆಚ್ಕೊಂಡು ಕೂಡಬ್ಯಾಡ್ರಿ, ದಿನದ ಡೇಟಾ ಮುಗಿದ ಮ್ಯಾಲ ಕೆಳಗ ನೆಲ ಮಣ್ಣಿನ ಮುದ್ದಿ ಥರ ಕಾಣ್ತೈತಿ.

ಎಕ್ಸ್-ಪ್ಲೇನ್ 12 ಒಮ್ಮೆ ಇಳಿಸ್ಕೊಂಡ್ರ ನೆಟ್ ಇಲ್ದನೂ ಹಾರ್ತೈತಿ, ವಿಂಡೋಸ್ ಅಷ್ಟಾ ಅಲ್ಲ, ಮ್ಯಾಕ್‌ನ್ಯಾಗೂ ಲಿನಕ್ಸ್‌ನ್ಯಾಗೂ ಓಡ್ತೈತಿ. ಬೇಕಾದ ಪ್ರದೇಶದ ನೆಲ ಅಷ್ಟಾ ಆರಿಸಿ ಇಳಿಸ್ಕೋಬಹುದು, ನೆಟ್ ಕಮ್ಮಿ ಇರೋ ಹಳ್ಳಿಯವ್ರಿಗೆ ಇದು ದೊಡ್ಡ ಅನುಕೂಲ. ಆಫೀಸಿನ ಹಳೇ ಲ್ಯಾಪ್‌ಟಾಪ್, ಗ್ರಾಫಿಕ್ ಕಾರ್ಡ್ ಇಲ್ಲ, ಇಷ್ಟಾ ಇರೋದು ಅನ್ನೋರಿಗೆ ಫ್ಲೈಟ್‌ಗೇರ್. 1997ರಿಂದ ಪ್ರಪಂಚದ ತುಂಬಾ ಇರೋ ಆಸಕ್ತರು ಸೇರಿ ಕಟ್ಕೊಂಡು ಬಂದಿರೋ ಓಪನ್ ಸೋರ್ಸ್ ಸಿಮ್ಯುಲೇಟರ್ ಅದು, ಪೂರ್ತಿ ಪುಕ್ಕಟೆ, ವಿಮಾನಾನೂ ಪುಕ್ಕಟೆ, ಪ್ರಪಂಚದ ನೆಲಾನೂ ಪುಕ್ಕಟೆ. ಅದೂ ಓಡಂಗಿಲ್ಲ ಅಂದ್ರ ಜಿಯೋಎಫ್‌ಎಸ್ ಅಂತ ಬ್ರೌಸರ್‌ದಾಗಾ ಹಾರೋದು ಐತಿ. ಗೂಗಲ್ ಅರ್ಥ್ ಪ್ರೋ ಒಳಗೂ ಒಂದು ಸಣ್ಣ ಸಿಮ್ಯುಲೇಟರ್ ಐತಿ, ಕಂಟ್ರೋಲ್, ಆಲ್ಟ್, ಎ ಮೂರೂ ಒತ್ತಿದ್ರ ತೆರೀತೈತಿ, ಕಲಿಯೋಕ ಸಾಲಂಗಿಲ್ಲ, ಮ್ಯಾಲಿಂದ ನಮ್ಮ ಊರು ಹೆಂಗ ಕಾಣ್ತೈತಿ ಅಂತ ನೋಡಾಕ ಸಾಕು.

ಮೊಬೈಲ್‌ನ್ಯಾಗ ಇನ್ಫಿನಿಟ್ ಫ್ಲೈಟ್, ಏರೋಫ್ಲೈ, ಎಕ್ಸ್-ಪ್ಲೇನ್ ಮೊಬೈಲ್ ಅದಾವ. ಮೀಟರ್ ಓದೋದು, ರನ್‌ವೇಗೆ ಹೆಂಗ ಬಂದು ಸೇರೋದು ಇಷ್ಟು ಕಲೀಬಹುದು. ಫೋನ್ ವಾಲಿಸಿ ಹಾರಿಸೋ ರೂಢಿ ಮಾತ್ರ ಮುಂದ ಸ್ಟಿಕ್ ಹಿಡಿದಾಗ ಅಡ್ಡ ಬರ್ತೈತಿ.

ನಮ್ಮ ಕಡೆ ಇನ್ನೊಂದು ನೋಡ್ಬೇಕಾದ್ದು ಬಿಸಿಲು. ಏಪ್ರಿಲ್, ಮೇ ತಿಂಗಳಾಗ ಬಳ್ಳಾರಿ, ರಾಯಚೂರದಾಗ ಹೊರಗ 40 ಡಿಗ್ರಿ ದಾಟ್ತೈತಿ, ರೂಮಿನಾಗ ಎಸಿ ಇಲ್ದ ಗೇಮಿಂಗ್ ಲ್ಯಾಪ್‌ಟಾಪ್ ಓಡ್ಸಿದ್ರ ಅದು ಕಾದು ತನ್ನ ಸ್ಪೀಡ್ ತಾನಾ ಕಮ್ಮಿ ಮಾಡ್ಕೊಂತೈತಿ, ಶುರುವಿನಾಗ ಚಲೋ ಓಡಿದ ಗೇಮ್ ಸ್ವಲ್ಪ ಹೊತ್ತಿಗೆ ತಟಕ್ ತಟಕ್ ಅಂತ ನಿಂತು ನಿಂತು ಹೋಗೋದು ಅದಕ್ಕಾ. ಸೆಟ್ಟಿಂಗ್‌ನ್ಯಾಗ ಫ್ರೇಮ್ ರೇಟ್ 30ಕ್ಕ ಕಟ್ಟಿಹಾಕ್ರಿ, ಫ್ಲೈಟ್ ಸಿಮ್ಯುಲೇಟರ್‌ಗೆ ಒಂದಾ ಸಮ 30 ಇದ್ರ ಸಾಕಷ್ಟಾತು. ಲ್ಯಾಪ್‌ಟಾಪ್ ಹಿಂಭಾಗ ಎತ್ತರಿಸಿ ಇಡ್ರಿ, ಫ್ಯಾನ್ ಧೂಳು ತೆಗಸ್ರಿ. ಡೆಸ್ಕ್‌ಟಾಪ್ ಇದ್ರ ಕರೆಂಟ್ ಹೋದಾಗ ಕೈ ಕೊಡದಂಗ ಯುಪಿಎಸ್ ಬೇಕು, ತೊಗೊಳ್ಳುವಾಗ ವಿಎ ನೋಡಬ್ಯಾಡ್ರಿ, ವ್ಯಾಟ್ ನೋಡ್ರಿ. 600 ವಿಎ ಅಂತ ಬರ್ದಿರೋದು ಸಾಮಾನ್ಯವಾಗಿ 360 ವ್ಯಾಟಿಂದು, ದೊಡ್ಡ ಗ್ರಾಫಿಕ್ ಕಾರ್ಡ್ ಇರೋ ಮಷಿನ್ ಗೇಮ್ ನಡ್ಯುವಾಗ ಅದಕ್ಕಿಂತ ಜಾಸ್ತಿ ಎಳೀಬಹುದು.

ಮೂರನೇ ಹೆಜ್ಜಿ: ಪುಕ್ಕಟೆ ಇರೋದನ್ನ ಮೊದ್ಲು ಹಾಕ್ಕೊಳ್ರಿ

ಯಾವ ಗೇಮಿಗೂ ಇನ್ನಾ ರೊಕ್ಕ ಕೊಡಬ್ಯಾಡ್ರಿ. ಫ್ಲೈಟ್‌ಗೇರ್ ಪೂರ್ತಿ ಪುಕ್ಕಟೆ ಅಂದೆ. ಎಕ್ಸ್-ಪ್ಲೇನ್‌ನವ್ರು ಮಿತಿ ಇಟ್ಟು ಪುಕ್ಕಟೆ ಡೆಮೋ ಕೊಡ್ತಾರ, ನಿಮ್ಮ ಮಷಿನ್‌ದಾಗ ಓಡ್ತೈತೋ ಇಲ್ಲೋ, ಸ್ಟಿಕ್ ಹಿಡಿದ್ರ ಹೆಂಗ ಅನಸ್ತೈತಿ ಅಂತ ತಿಳಿಯಾಕ ಅಷ್ಟು ಸಾಕು. ಡಿಸಿಎಸ್ ವರ್ಲ್ಡ್ ಇಳಿಸ್ಕೊಳ್ಳಾಕ ರೊಕ್ಕ ಇಲ್ಲ, ಜೊತಿಗೆ ಎರಡು ವಿಮಾನ ಪುಕ್ಕಟೆ ಬರ್ತಾವ: ರಷ್ಯಾದ ಸುಖೋಯ್-25ಟಿ ಅನ್ನೋ ನೆಲದ ಮ್ಯಾಲ ದಾಳಿ ಮಾಡೋ ಜೆಟ್, ಮತ್ತ ಟಿಎಫ್-51ಡಿ, ಅಂದ್ರ ಎರಡನೇ ಮಹಾಯುದ್ಧದ ಮಸ್ಟಾಂಗ್‌ನ ಆಯುಧ ಇಲ್ದ ರೂಪ. ಮಿಗ್-21 ಥರ ನಮ್ಮ ವಾಯುಪಡೆ ಹಾರಿಸಿದ ವಿಮಾನಗಳ ಮಾದರಿನೂ ಅದರಾಗ ಅದಾವ, ಅವನ್ನ ಒಂದೊಂದಕ್ಕ ರೊಕ್ಕ ಕೊಟ್ಟು ತೊಗೋಬೇಕು, ಬಹಳಷ್ಟಕ್ಕ 14 ದಿನ ಪುಕ್ಕಟೆ ಹಾರಿಸಿ ನೋಡೋ ಅವಕಾಶ ಐತಿ.

ಮೈಕ್ರೋಸಾಫ್ಟ್‌ದಕ್ಕ ಹಿಂಗ ಡೆಮೋ ಬದ್ಲು ಗೇಮ್ ಪಾಸ್ ಅನ್ನೋ ತಿಂಗಳ ಚಂದಾ ಐತಿ, ಒಂದು ತಿಂಗಳಿಗೆ ಅಷ್ಟಾ ಹಾಕ್ಸಿ ನೋಡಿ ಬಿಡಬಹುದು. ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡ್ಯಾಗ ತೊಗೊಂಡು ಹಿಡಿಸ್ಲಿಲ್ಲ ಅಂದ್ರ 14 ದಿನದೊಳಗ, ಎರಡು ತಾಸಿಗಿಂತ ಕಮ್ಮಿ ಆಡಿದ್ರ, ರೊಕ್ಕ ವಾಪಸ್ ಕೇಳಬಹುದು, ಆದ್ರ 2020ರ ಗೇಮ್‌ದಾಗ ದೊಡ್ಡ ಡೌನ್‌ಲೋಡ್ ಗೇಮ್ ತೆರೆದ ಮ್ಯಾಲ ಅದರೊಳಗಾ ನಡೀತೈತಿ, ಆ ಹೊತ್ತೂ ಆಡಿದ ಹೊತ್ತಿನ ಲೆಕ್ಕಕ್ಕಾ ಹೋಗ್ತೈತಿ. ನೂರು ಜಿಬಿ ಇಳಿಯೋದ್ರಾಗ ನಮ್ಮ ನೆಟ್‌ಗೆ ಎರಡು ತಾಸು ಎಲ್ಲಿ ಸಾಕಾಗ್ತೈತಿ? ಹಂಗಾಗಿ ಆ ನಂಬಿಕಿ ಮ್ಯಾಲ ತೊಗೋಬ್ಯಾಡ್ರಿ.

ನಾಕನೇ ಹೆಜ್ಜಿ: ಖರೇ ಐತೋ ಇಲ್ಲೋ ಪರೀಕ್ಷೆ ಮಾಡೋದು

ಮೈಕ್ರೋಸಾಫ್ಟ್, ಎಕ್ಸ್-ಪ್ಲೇನ್, ಫ್ಲೈಟ್‌ಗೇರ್ ಮೂರರಾಗೂ ಸೆಸ್ನಾ 172 ಇದ್ದಾ ಇರ್ತೈತಿ, ಅದನ್ನಾ ತೊಗೊಳ್ರಿ. ಮೊದ್ಲು ಸೆಟ್ಟಿಂಗ್‌ಗೆ ಹೋಗಿ ಅಸಿಸ್ಟೆನ್ಸ್ ಅಂತ ಇರೋ ಕಡೆ ಆಟೋ ರಡ್ಡರ್ (ರಡ್ಡರ್ ಅಂದ್ರ ಮೂತಿ ಎಡಕ್ಕ ಬಲಕ್ಕ ತಿರುಗ್ಸೋ ಬಾಲದ ಪಟ್ಟಿ), ಆಟೋ ಟ್ರಿಮ್ (ಟ್ರಿಮ್ ಅಂದ್ರ ಸ್ಟಿಕ್ ಒತ್ತಿ ಹಿಡೀದನಾ ವಿಮಾನ ಹಂಗಾ ಹೋಗೋವಂಗ ಮಾಡೋ ಹೊಂದಾಣಿಕಿ) ಥರದ ಸಹಾಯ ಎಲ್ಲಾ ಬಂದ್ ಮಾಡ್ರಿ, ಇವು ಚಾಲೂ ಇದ್ರ ಪರೀಕ್ಷೆಗೆ ಅರ್ಥಾನ ಇರಂಗಿಲ್ಲ.

ರನ್‌ವೇ ಮ್ಯಾಲ ನಿಂತು ಪೂರ್ತಿ ಥ್ರಾಟಲ್, ಅಂದ್ರ ಎಂಜಿನ್ ಶಕ್ತಿ, ಕೊಡ್ರಿ, ಕಾಲಿಗೆ, ಅಂದ್ರ ರಡ್ಡರ್‌ಗೆ, ಏನೂ ಮಾಡಬ್ಯಾಡ್ರಿ. ಮೂತಿ ಎಡಕ್ಕ ಎಳೀಬೇಕು. ಪ್ರೊಪೆಲ್ಲರ್ ತಿರುಗೋ ದಿಕ್ಕು, ಅದು ಹಿಂದಕ್ಕ ದಬ್ಬೋ ಗಾಳಿ ಸುರುಳಿ ಸುತ್ತಿ ಬಾಲಕ್ಕ ಬಡಿಯೋದು, ಎಲ್ಲಾ ಸೇರಿ ಈ ವಿಮಾನ ಟೇಕಾಫ್‌ದಾಗ ಎಡಕ್ಕ ಹೋಗ್ತೈತಿ, ಪೈಲಟ್ ಬಲಗಾಲು ಒತ್ತಿ ನೆಟ್ಟಗ ಇಟ್ಕೊಂತಾನ. ಹಳಿ ಮ್ಯಾಲ ಹೋದಂಗ ನೆಟ್ಟಗ ಹೋದ್ರ ಒಂದೋ ಸಹಾಯ ಇನ್ನಾ ಚಾಲೂ ಐತಿ, ಇಲ್ಲಾ ಗೇಮ್‌ಗೆ ಗಾಳಿ ಲೆಕ್ಕ ಬರಂಗಿಲ್ಲ.

55 ನಾಟ್‌ಗೆ (ನಾಟ್ ಅಂದ್ರ ವಿಮಾನದ ಸ್ಪೀಡಿನ ಅಳತಿ) ಮೆತ್ತಗ ಎಳ್ದು ಎಬ್ಬಿಸ್ರಿ, 74ರಾಗ ಏರ್ಕೋತ ಹೋಗ್ರಿ. ನೆಲದಿಂದ ಮೂರು ಸಾವಿರ ಅಡಿ ಮ್ಯಾಲ ಹೋದ್ಮ್ಯಾಲ ಥ್ರಾಟಲ್ ಪೂರ್ತಿ ಇಳ್ಸಿ, ಎತ್ತರ ಬಿಟ್ಟುಕೊಡಬಾರ್ದು ಅಂತ ಸ್ಟಿಕ್ ನಿಧಾನಕ್ಕ ಹಿಂದಕ್ಕ ಎಳ್ಕೋತ ಹೋಗ್ರಿ. ಸ್ಪೀಡ್ ಇಳೀತಾ ಇಳೀತಾ ಸ್ಟಿಕ್ ಮೆತ್ತಗಾದಂಗ ಆಗ್ತೈತಿ, ಎಷ್ಟು ಎಳದ್ರೂ ವಿಮಾನ ತಡವಾಗಿ ಕೇಳ್ತೈತಿ, ಹಾರ್ನ್ ಕೂಗ್ತೈತಿ, ಫ್ಲಾಪ್ (ರೆಕ್ಕಿ ಹಿಂದ ಕೆಳಗ ಇಳಿಸೋ ಪಟ್ಟಿ) ಇಳಿಸ್ದ ಇದ್ರ 172ಎಸ್ ಮಾದರಿ ಸುಮಾರು 48 ನಾಟ್ ಹತ್ರ ಮೂತಿ ಕೆಳಗ ಹಾಕ್ಬೇಕು. ಇದಾ ಸ್ಟಾಲ್. 48 ನಾಟ್ ಅಂದ್ರ ತಾಸಿಗೆ 89 ಕಿಲೋಮೀಟರ್. ಫ್ಲೈಟ್‌ಗೇರ್‌ದಾಗ ಇರೋದು 172ಪಿ ಅನ್ನೋ ಹಳೇ ಮಾದರಿ, ಅದು ಇನ್ನೂ ಸ್ವಲ್ಪ ಕಮ್ಮಿ ಸ್ಪೀಡಿಗೆ ಸ್ಟಾಲ್ ಆಗ್ತೈತಿ, ಅದು ತಪ್ಪಲ್ಲ. ಮೂತಿ ಬಿದ್ದಾಗ ಸ್ಟಿಕ್ ಮುಂದಕ್ಕ ಬಿಟ್ಟು ಥ್ರಾಟಲ್ ಕೊಟ್ರ ಮತ್ತ ಹಾರಾಕ ಹತ್ತಬೇಕು. ಈ ಒಂದು ಪರೀಕ್ಷೆದಾಗ ಗೇಮ್‌ನ ಯೋಗ್ಯತೆ ಅರ್ಧ ಗೊತ್ತಾಗ್ತೈತಿ.

ಇನ್ನು ನಮ್ಮ ಬಿಸಿಲಿನ ಪರೀಕ್ಷೆ, ನಂಗ ಎಲ್ಲಾದಕ್ಕಿಂತ ಇಷ್ಟ ಇದಾ. ಬಿಸಿ ಗಾಳಿ ತೆಳುವು, ತೆಳುವು ಗಾಳ್ಯಾಗ ರೆಕ್ಕಿಗೂ ಎತ್ತೋ ಶಕ್ತಿ ಕಮ್ಮಿ, ಪ್ರೊಪೆಲ್ಲರ್‌ಗೂ ಹಿಡ್ಯಾಕ ಗಾಳಿ ಕಮ್ಮಿ, ಎಂಜಿನ್‌ಗೂ ಉಸಿರು ಕಮ್ಮಿ. ವಿಮಾನದ ಲೆಕ್ಕದಾಗ ಸಮುದ್ರ ಮಟ್ಟಕ್ಕ 15 ಡಿಗ್ರಿ ಸಾಮಾನ್ಯ, ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಇಳೀತೈತಿ. ಬಳ್ಳಾರಿ ಇರೋದು ಸಮುದ್ರ ಮಟ್ಟಕ್ಕಿಂತ ಸುಮಾರು ಒಂದೂವರೆ ಸಾವಿರ ಅಡಿ ಮ್ಯಾಲ, ಅಲ್ಲಿ 12 ಡಿಗ್ರಿ ಇರ್ಬೇಕಾಗಿತ್ತು, ಮೇ ತಿಂಗಳ ಮಧ್ಯಾಹ್ನ 40 ಇರ್ತೈತಿ, 28 ಡಿಗ್ರಿ ಜಾಸ್ತಿ. ಜಾಸ್ತಿ ಆದ ಒಂದೊಂದು ಡಿಗ್ರಿಗೆ ಸುಮಾರು 120 ಅಡಿ ಸೇರಿಸ್ಬೇಕು ಅನ್ನೋದು ಪೈಲಟ್‌ಗಳ ಅಂದಾಜು ಲೆಕ್ಕ, 28 ಗುಣಿಸು 120 ಅಂದ್ರ 3360, ಅದಕ್ಕ ಒಂದೂವರೆ ಸಾವಿರ ಕೂಡ್ಸಿದ್ರ ಹತ್ರ ಹತ್ರ 5000 ಅಡಿ. ಅಂದ್ರ ಬಳ್ಳಾರಿ ಬಿಸಿಲಾಗ ನೆಲದ ಮ್ಯಾಲ ನಿಂತಿರೋ ಸೆಸ್ನಾ, ತಾನು ಐದು ಸಾವಿರ ಅಡಿ ಎತ್ತರದ ಬೆಟ್ಟದ ಮ್ಯಾಲ ಐತಿ ಅನ್ನಂಗ ನಡ್ಕೊಂತೈತಿ. ಇದಕ್ಕ ಡೆನ್ಸಿಟಿ ಆಲ್ಟಿಟ್ಯೂಡ್ ಅಂತಾರ.

ಪರೀಕ್ಷೆ ಹಿಂಗ ಮಾಡ್ರಿ. ಹವಾಮಾನ ಕೈಯಿಂದ ಇಡೋ ಆಯ್ಕೆ ತೊಗೊಂಡು ಗಾಳಿ ಸೊನ್ನೆ ಇಟ್ಟು, ಉಷ್ಣಾಂಶ 12 ಇಟ್ಟು, ನಾಕೂ ಸೀಟು ತುಂಬಿ, ವಿಮಾನದ ಮಿತಿ ಮುಟ್ಟೋವಷ್ಟು ಪೆಟ್ರೋಲ್ ಹಾಕಿ ಒಂದು ಟೇಕಾಫ್ ಮಾಡ್ರಿ, ಎಷ್ಟು ದೂರ ಓಡಿ ಎದ್ದಿತು, ನಿಮಿಷಕ್ಕ ಎಷ್ಟು ಅಡಿ ಏರಿತು ಬರ್ಕೊಳ್ರಿ. ಅದಾ ರನ್‌ವೇ, ಅದಾ ತೂಕ, ಉಷ್ಣಾಂಶ ಮಾತ್ರ 40 ಮಾಡಿ ಮತ್ತೊಮ್ಮೆ. ಫ್ಲೈಟ್‌ಗೇರ್‌ದಾಗ ಹವಾಮಾನದ ಕಿಟಕ್ಯಾಗ ಮ್ಯಾನುಯಲ್ ಇನ್‌ಪುಟ್ ಆರಿಸಿದ್ರ ಮೆಟಾರ್ ಅನ್ನೋ ಹವಾಮಾನ ವರದಿಯ ಒಂದು ಸಾಲು ಕಾಣ್ತೈತಿ, ಅದರಾಗ 25/07 ಥರ ಇರೋದು ಉಷ್ಣಾಂಶ ಮತ್ತ ಇಬ್ಬನಿ ಬಿಂದು, ಅದನ್ನ 40/10 ಅಂತ ತಿದ್ದಿದ್ರ ಆತು. 40 ಡಿಗ್ರಿಯಾಗ ವಿಮಾನ ಬಹಳ ದೂರ ಓಡ್ಬೇಕು, ಎದ್ದ ಮ್ಯಾಲೂ ಏರಾಕ ಸೋಮಾರಿ ಆಗ್ಬೇಕು. ಎರಡೂ ಸಲ ಒಂದಾ ಥರ ಎದ್ರ ಆ ಗೇಮ್‌ಗೆ ಗಾಳಿ ಅಂದ್ರ ಬರೇ ಹಿನ್ನೆಲೆ ಚಿತ್ರ. ಮೈಕ್ರೋಸಾಫ್ಟ್, ಎಕ್ಸ್-ಪ್ಲೇನ್, ಫ್ಲೈಟ್‌ಗೇರ್ ಮೂರೂ ಈ ಪರೀಕ್ಷೆದಾಗ ಪಾಸ್, ಮೊಬೈಲ್ ಸ್ಟೋರ್‌ದಾಗ ಸಿಗೋ ನೂರಾರು ಪ್ಲೇನ್ ಗೇಮ್ ಪಾಸ್ ಆಗಂಗಿಲ್ಲ.

ಕೊನೀಗೆ ಟ್ರಿಮ್. ಒಂದು ಎತ್ತರದಾಗ ನೆಟ್ಟಗ ಹಾರ್ಕೋತ ಟ್ರಿಮ್ ಸರಿ ಮಾಡಿ ಸ್ಟಿಕ್‌ನಿಂದ ಕೈ ಬಿಡ್ರಿ, ವಿಮಾನ ತಾನಾ ಹಂಗಾ ಹೋಗ್ಬೇಕು. ಈಗ ಥ್ರಾಟಲ್ ಅಷ್ಟಾ ಸ್ವಲ್ಪ ಇಳಿಸ್ರಿ, ಮೂತಿ ತಾನಾ ತಗ್ಗಿ ಕೆಳಗಿಳಿಯಾಕ ಹತ್ತತೈತಿ, ಸ್ಪೀಡ್ ಒಂದೆರಡು ಸಲ ಮ್ಯಾಲ ಕೆಳಗ ಆಡಿ ಮೊದ್ಲು ಇದ್ದ ಹತ್ರಾನ ಬಂದು ನಿಲ್ತೈತಿ. ಇದು ಕೈಗೆ ಹತ್ತಿದ ದಿನ ಲ್ಯಾಂಡಿಂಗ್ ಅರ್ಧ ಬಂದಂಗ, ಯಾಕಂದ್ರ ಲ್ಯಾಂಡಿಂಗ್‌ಗೆ ಬರುವಾಗ ಸ್ಪೀಡನ್ನ ಟ್ರಿಮ್‌ಗೆ ಬಿಟ್ಟು, ಇಳಿಯೋ ದಾರೀನ ಥ್ರಾಟಲ್‌ನಿಂದ ಹಿಡ್ಕೊಂಡು ಬರೋದಾ ಕಲಿಯೋದೈತಿ.

ಮೂರೂ ಪಾಸ್ ಅಂದ್ರ ಯಾವ್ದು ತೊಗೊಳ್ಳೋದು?

ನನ್ನ ಅಭಿಪ್ರಾಯ ಹಿಂಗೈತಿ. ಕೆಳಗ ನೋಡ್ಕೋತ ಹಾರೋ ಆಸೆ ಇದ್ದು, ಮಷಿನ್ನೂ ನೆಟ್ಟೂ ಇದ್ರ ಮೈಕ್ರೋಸಾಫ್ಟ್ ಬಿಟ್ಟು ಬ್ಯಾರೆ ನೋಡಬ್ಯಾಡ್ರಿ. ಅದು ಬಿಂಗ್ ಮ್ಯಾಪಿನ ಉಪಗ್ರಹ ಚಿತ್ರ ನೆಲದ ಏರಿಳಿತದ ಮ್ಯಾಲ ಹೊದಿಸ್ತೈತಿ, ಹಂಗಾಗಿ ಗಂಗಾವತಿ, ಸಿಂಧನೂರು ಕಡೆ ಎಡದಂಡೆ ಕಾಲುವಿ ಎಲ್ಲಿ ಮಟ ಹೋಗೈತಿ, ಗದ್ದಿ ಹಸಿರು ಎಲ್ಲಿಗೆ ನಿಂತು ಒಣ ಭೂಮಿ ಶುರು ಆಗ್ತೈತಿ ಅನ್ನೋದು ಮ್ಯಾಲಿಂದ ಕಾಣ್ತೈತಿ. ಎಕ್ಸ್-ಪ್ಲೇನ್ ನೆಲಾನ ನಕ್ಷೆ ಮಾಹಿತಿಯಿಂದ ಕಟ್ತೈತಿ, ರಸ್ತೆ, ರೈಲು ಹಳಿ, ನದಿ ಸರಿಯಾದ ಜಾಗದಾಗಾ ಇರ್ತಾವ, ಊರಿನ ಮನಿಗಳು ಮಾತ್ರ ನಮ್ಮ ಊರಿನ ಮನಿ ಥರ ಇರಂಗಿಲ್ಲ. ಅದ್ರ ಬಲ ಬ್ಯಾರೆ ಕಡೆ ಐತಿ: ರೆಕ್ಕಿನ ಸಣ್ಣ ಸಣ್ಣ ತುಂಡು ಮಾಡಿ ಒಂದೊಂದು ತುಂಡಿನ ಮ್ಯಾಲ ಗಾಳಿ ಎಷ್ಟು ಬಲ ಹಾಕ್ತೈತಿ ಅಂತ ಹಾರ್ತಾ ಇರುವಾಗ್ಲೇ ಲೆಕ್ಕ ಹಾಕ್ತೈತಿ, ಆಸ್ಟಿನ್ ಮೇಯರ್ ಅನ್ನೋರು 1990ರ ದಶಕದಾಗ ಶುರು ಮಾಡಿದಾಗಿಂದ ಅದ್ರ ಬುನಾದಿ ಅದಾ. ವಿಮಾನದ ಎಂಜಿನಿಯರಿಂಗ್ ಓದೋ ಹುಡುಗ್ರಿಗೆ, ಮ್ಯಾಕ್, ಲಿನಕ್ಸ್ ಇರೋರಿಗೆ, ನೆಟ್ ಕಮ್ಮಿ ಇರೋರಿಗೆ ನಾನು ಹೇಳೋದು ಎಕ್ಸ್-ಪ್ಲೇನ್. ರೊಕ್ಕ ಹಾಕೋ ಸ್ಥಿತಿ ಇಲ್ಲ ಅನ್ನೋರು ಫ್ಲೈಟ್‌ಗೇರ್ ಹಿಡ್ಕೊಂಡ್ರ ಕಡಿಮಿ ಏನಿಲ್ಲ, ಅದ್ರ 172ಪಿ ಬಹಳ ಶ್ರದ್ಧೆಯಿಂದ ಮಾಡಿದ ವಿಮಾನ, ಮೆನು ಹಳೇ ಥರ ಐತಿ, ಸ್ವಲ್ಪ ತಾಳ್ಮಿ ಬೇಕು ಅಷ್ಟಾ.

ತೊಗೊಳ್ಳುವಾಗ ಸ್ಟ್ಯಾಂಡರ್ಡ್ ಎಡಿಷನ್ ಸಾಕು. 2020ರ ಸ್ಟ್ಯಾಂಡರ್ಡ್‌ದಾಗ ದುಂಡು ಮೀಟರ್ ಇರೋ ಸೆಸ್ನಾ 152ನೂ, ಸ್ಕ್ರೀನ್ ಇರೋ 172ನೂ, ಏರ್‌ಬಸ್ ಎ320ನೂ ಬರ್ತಾವ. ಎ320ಗೆ ಫ್ಲೈಬೈವೈರ್ ಅನ್ನೋ ತಂಡ ಮಾಡಿರೋ ಪುಕ್ಕಟೆ ಮಾದರಿ ಐತಿ, ರೊಕ್ಕ ಕೊಟ್ಟು ತೊಗೊಳ್ಳೋ ಎಷ್ಟೋ ವಿಮಾನಕ್ಕಿಂತ ಚಲೋ ಐತಿ. ಸ್ಟಡಿ ಲೆವೆಲ್ ಅಂತ, ಖರೇ ವಿಮಾನದ ಬಟನ್ ಎಲ್ಲಾ ಹಂಗಾ ಕೆಲಸ ಮಾಡೋ ದುಬಾರಿ ವಿಮಾನ ಮಾರ್ತಾರಲ್ಲ, ಅವನ್ನ ಕಣ್ಣೆತ್ತಿ ನೋಡಾಕ ಇನ್ನಾ ಟೈಮ್ ಐತಿ.

ಜಾಯ್‌ಸ್ಟಿಕ್ ಬಗ್ಗೆ

ಕೀಬೋರ್ಡ್‌ದಾಗ ಸಿಮ್ಯುಲೇಟರ್ ಕಲಿಯೋದು ಆಗದ ಮಾತು, ಯಾಕಂದ್ರ ಕೀ ಒಂದೋ ಒತ್ತಿರ್ತೈತಿ ಇಲ್ಲಾ ಬಿಟ್ಟಿರ್ತೈತಿ, "ಸ್ವಲ್ಪ" ಅನ್ನೋದು ಅದಕ್ಕ ಗೊತ್ತಿಲ್ಲ. ಎಕ್ಸ್‌ಬಾಕ್ಸ್ ಥರದ ಕಂಟ್ರೋಲರ್ ಮನ್ಯಾಗ ಇದ್ರ ಅದ್ರಾಗಾ ಶುರು ಮಾಡ್ರಿ. ತೊಗೊಳ್ಳೋದಾದ್ರ ಹಿಡಿ ತಿರುಚಿದ್ರ ರಡ್ಡರ್ ಆಗೋ, ಥ್ರಾಟಲ್‌ಗೆ ಒಂದು ಲಿವರ್ ಇರೋ ಜಾಯ್‌ಸ್ಟಿಕ್ ತೊಗೊಳ್ರಿ, ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೋ, ಥ್ರಸ್ಟ್‌ಮಾಸ್ಟರ್ ಟಿ.16000ಎಂ ಈ ಜಾತೀವು. ಯೋಕ್ (ವಿಮಾನದ ಸ್ಟೀರಿಂಗ್), ರಡ್ಡರ್ ಪೆಡಲ್ ಆಮೇಲೆ.

ಸೆಕೆಂಡ್ ಹ್ಯಾಂಡ್ ತೊಗೊಳ್ಳೋರು ಕೊಡೋರ ಎದುರಿಗೇ ಹಿಂಗ ನೋಡ್ರಿ: ಲ್ಯಾಪ್‌ಟಾಪ್‌ಗೆ ಹಾಕಿ, ವಿಂಡೋಸ್ ಕೀ ಮತ್ತ ಆರ್ ಒತ್ತಿ, ಜಾಯ್ ಚುಕ್ಕಿ ಸಿಪಿಎಲ್ (joy.cpl) ಅಂತ ಇಂಗ್ಲಿಷ್‌ದಾಗ ಟೈಪ್ ಮಾಡಿ, ಬರೋ ಪಟ್ಟ್ಯಾಗ ಜಾಯ್‌ಸ್ಟಿಕ್ ಆರಿಸಿ ಪ್ರಾಪರ್ಟೀಸ್ ಒತ್ತಿದ್ರ ಒಂದು ಚೌಕಾನೂ ಅದರಾಗ ಕೂಡು ಗುರುತೂ ಬರ್ತೈತಿ. ಕೈ ಬಿಟ್ಟಾಗ ಆ ಗುರುತು ನಡುವ ಸುಮ್ನ ನಿಲ್ಲಬೇಕು. ನಡುಗ್ತಾ ಇದ್ರ, ಇಲ್ಲಾ ಒಂದು ಮೂಲಿಗೆ ಪೂರ್ತಿ ಮುಟ್ಟದಿದ್ರ ಒಳಗಿನ ಸೆನ್ಸರ್ ಸವೆದೈತಿ, ಬ್ಯಾಡ ಅಂತ ಹೇಳಿ ಬರ್ರಿ. ಸ್ವಲ್ಪಾನ ನಡುಗೋದಿದ್ರ ಗೇಮ್ ಸೆಟ್ಟಿಂಗ್‌ದಾಗ ಡೆಡ್‌ಝೋನ್ (ನಡುವ ಸ್ಟಿಕ್ ಅಲುಗಿದ್ರೂ ಗೇಮ್ ಲೆಕ್ಕಕ್ಕ ತೊಗೊಳ್ದ ಜಾಗ) ಒಂಚೂರು ಹೆಚ್ಚಿಸಿ ಸರಿ ಮಾಡ್ಕೋಬಹುದು. ಹೊಸ ಸ್ಟಿಕ್ ಆದ್ರೂ ಸೆನ್ಸಿಟಿವಿಟಿ ಇಳಿಸ್ಕೊಳ್ರಿ, ನಡುವಿನ ಜಾಗದಾಗ ಮೆತ್ತಗಿರ್ಬೇಕು.

ಪೈಲಟ್ ಆಗ್ಬೇಕು ಅನ್ನೋ ಮಕ್ಳ ಅಪ್ಪ ಅವ್ವಗ

ಇದನ್ನ ಬಹಳ ಮಂದಿ ಕೇಳ್ತಾರ. ಮನ್ಯಾಗ ಹಾರಿಸಿದ ತಾಸು ಯಾವ ಲೈಸೆನ್ಸ್‌ಗೂ ಲೆಕ್ಕಕ್ಕ ಬರಂಗಿಲ್ಲ. ಭಾರತದಾಗ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ತಾಸು ಖರೇ ವಿಮಾನದ ಹಾರಾಟ, 18 ವರ್ಷ ವಯಸ್ಸು, ಡಿಜಿಸಿಎ (ವಿಮಾನಯಾನ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಇಲಾಖೆ) ಪರೀಕ್ಷೆ, ಮೆಡಿಕಲ್ ಎಲ್ಲಾ ಬೇಕು. ನಮ್ಮ ರಾಜ್ಯದಾಗ ಬೆಂಗಳೂರಿನ ಜಕ್ಕೂರದಾಗ ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆ ಐತಿ. ಸಿಮ್ಯುಲೇಟರ್‌ನಿಂದ ಲಾಭ ಆಗೋದು ಚೆಕ್‌ಲಿಸ್ಟ್ ರೂಢಿ, ರೇಡಿಯೋ ಮಾತು, ಮೀಟರ್ ಓದೋದು, ದಿಕ್ಕು ಹಿಡ್ಯೋದು ಇವುಗಳಾಗ. ತೊಂದ್ರಿ ಆಗೋದು ಒಂದರಾಗ: ಸಿಮ್ಯುಲೇಟರ್ ರೂಢಿಯವ್ರು ಕಣ್ಣು ಯಾವಾಗ್ಲೂ ಮೀಟರ್ ಮ್ಯಾಲಾ ಇಡ್ತಾರ, ಖರೇ ಸಣ್ಣ ವಿಮಾನದಾಗ ಹೊರಗ ನೋಡಿ ಹಾರಿಸ್ಬೇಕು. ಹಂಗಾಗಿ ಆಸೆ ಇರೋ ಮಕ್ಳಿಗೆ ಮೀಟರ್ ಪಟ್ಟಿ ಮರೆ ಮಾಡಿ ಬರೇ ಹೊರಗಿನ ಗೆರಿ, ಅಂದ್ರ ಭೂಮಿ ಆಕಾಶ ಕೂಡೋ ಗೆರಿ ನೋಡಿ ಹಾರಿಸೋದನ್ನ ಮೊದ್ಲಿಂದಾನ ರೂಢಿ ಮಾಡಿಸ್ರಿ.

ಕೊನೇ ಹೆಜ್ಜಿ: ಮೊದ್ಲಿನ ದೂರದ ಹಾರಾಟ

ಟೇಕಾಫ್, ನಾಕು ಸುತ್ತು, ಲ್ಯಾಂಡಿಂಗ್ ಕೈಗೆ ಹತ್ತಿದ ಮ್ಯಾಲ ನಮ್ಮ ಕಡೆದಾ ಒಂದು ದಾರಿ ಹೇಳ್ತೀನಿ, ಜಿಪಿಎಸ್ ಬಂದ್ ಮಾಡಿ ಹೋಗ್ರಿ. ತೋರಣಗಲ್ಲಿನ ಜಿಂದಾಲ್ ವಿದ್ಯಾನಗರ ಏರ್‌ಪೋರ್ಟ್ ಹುಡುಕ್ರಿ, ಕೋಡ್ ವಿ ಒ ಜೆ ವಿ. ಅಲ್ಲಿಂದ ಹುಬ್ಬಳ್ಳಿ ಏರ್‌ಪೋರ್ಟ್ ನೆಟ್ಟಗ ಸುಮಾರು 90 ನಾಟಿಕಲ್ ಮೈಲು (ಸುಮಾರು 167 ಕಿಲೋಮೀಟರ್), 172ದಾಗ ಒಂದು ತಾಸಿನೊಳಗಿನ ದಾರಿ, ಹೆಚ್ಚು ಕಡಿಮಿ ಪಶ್ಚಿಮಕ್ಕ. ಎದ್ದ ಕೂಡ್ಲೆ ಎಡಕ್ಕ ಸಂಡೂರು ಗುಡ್ಡ, ಅವು ಸುಮಾರು 3300 ಅಡಿ ಎತ್ತರ ಅದಾವ, ಅದಕ್ಕ 4500 ಅಡಿಗೆ ಏರ್ರಿ. ಪಶ್ಚಿಮಕ್ಕ ಹೋಗುವಾಗ ಸಮ ಸಾವಿರದ ಮ್ಯಾಲ ಐನೂರು ಅನ್ನೋದು ಕಣ್ಣಿನಿಂದ ನೋಡಿ ಹಾರೋರ ಪದ್ಧತಿ, ಅದಕ್ಕೂ 4500 ಹೊಂದತೈತಿ. ಮುಂದ ಬಲಕ್ಕ ಹಂಪಿ, ಆನೆಗುಂದಿ ಬಂಡಿ ಗುಡ್ಡ, ನಡುವ ತುಂಗಭದ್ರೆ, ಆಮೇಲೆ ಎಡಕ್ಕ ಡ್ಯಾಮಿನ ದೊಡ್ಡ ನೀರು. ರೈಲು ಹಳಿ ಹೊಸಪೇಟಿ, ಕೊಪ್ಪಳ, ಗದಗ ಹಾದು ಹುಬ್ಬಳ್ಳಿಗೇ ಹೋಗ್ತೈತಿ, ದಾರಿ ತಪ್ಪಿದ್ರ ಹಳಿ ಹುಡುಕಿ ಸೇರ್ಕೊಳ್ರಿ. ಒಂದೊಂದು ಊರು ಬಂದಾಗ ಗಡಿಯಾರ ನೋಡಿ ಟೈಮ್ ಬರ್ಕೊಳ್ರಿ, ಅಂದಾಜಿಗೂ ಅದಕ್ಕೂ ಎಷ್ಟು ಫರಕ್ ಬಂತು ಅನ್ನೋದ್ರಿಂದ ಎದುರು ಗಾಳಿ ಎಷ್ಟೈತಿ ಅಂತ ಲೆಕ್ಕ ಸಿಗ್ತೈತಿ.

ಗದಗ ದಾಟಿದ ಮ್ಯಾಲ ನಿಧಾನಕ್ಕ ಇಳಿಯಾಕ ಶುರು ಮಾಡ್ರಿ, ಹುಬ್ಬಳ್ಳಿ ನೆಲಾನ ಎರಡು ಸಾವಿರ ಅಡಿಗಿಂತ ಮ್ಯಾಲ ಐತಿ, ಮೀಟರ್ ತೋರಿಸೋದು ಸಮುದ್ರ ಮಟ್ಟದಿಂದ ಅನ್ನೋದು ನೆನಪಿರ್ಲಿ. ಕೊನೇ ಸುತ್ತಿನಾಗ ಫ್ಲಾಪ್ ಪೂರ್ತಿ ಇಳಿಸಿ 65 ನಾಟ್ ಹಿಡಿರಿ. 80ರಾಗ ಬಂದ್ರ ನೆಲ ಮುಟ್ಟದ ರನ್‌ವೇ ಉದ್ದಕ್ಕೂ ತೇಲ್ಕೋತ ಹೋಗ್ತೈತಿ, ಹಂಗಾದ್ರ ಒತ್ತಿ ಕೂಡಿಸಾಕ ಹೋಗಬ್ಯಾಡ್ರಿ, ಪೂರ್ತಿ ಥ್ರಾಟಲ್ ಕೊಟ್ಟು ಎದ್ದು ಮತ್ತೊಂದು ಸುತ್ತು ಹಾಕಿ ಬರ್ರಿ. ವಾಪಸ್ ಬರುವಾಗ ಪೂರ್ವಕ್ಕ ಆಗೋದ್ರಿಂದ 5500 ಅಡಿ, ಹವಾಮಾನದಾಗ ಉತ್ತರದಿಂದ 15 ನಾಟ್ ಅಡ್ಡ ಗಾಳಿ ಇಟ್ಟು ಬರ್ರಿ, ಮೂತಿ ಎಷ್ಟು ಎಡಕ್ಕ ತಿರುಗ್ಸಿದ್ರ ಹಳಿ ಬಿಟ್ಟು ಸರಿಯಂಗಿಲ್ಲ ಅಂತ ನೋಡ್ಕೊಂಡು ಆ ಡಿಗ್ರೀನೂ ಬರ್ದಿಟ್ಕೊಳ್ರಿ.